ಮುಟ್ಟುವ ಮುನ್ನ ನೋಡೋಣ: ದೇವಾಲಯದ ಚಿತ್ರಗಳೂ ಬೆಳಕಿನ ಪರೀಕ್ಷೆಯೂ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ಈ ಉಪನ್ಯಾಸಮಾಲೆಯಲ್ಲಿ ಈಗಾಗಲೇ ಮಾತನಾಡಿರುವ ಮಹನೀಯರು ನಮ್ಮ ಧರ್ಮಕೇಂದ್ರದ ಚರಿತ್ರೆಯನ್ನೂ ಶಾಲೆಯ ಸೇವೆಯನ್ನೂ ಕುರಿತು ವಿದ್ವತ್ಪೂರ್ಣವಾಗಿ ತಿಳಿಸಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯ ಬಣ್ಣ. ಗುರುವಾದವನಿಗೆ ಬಣ್ಣದ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಅದಕ್ಕೆ ಕಾರಣವಿದೆ.

ನಮ್ಮ ಮುಖ್ಯ ಬಲಿಪೀಠದ ಮೇಲಿರುವ ಜಪಮಾಲೆ ಮಾತೆಯ ತೈಲಚಿತ್ರವನ್ನು ತಾವೆಲ್ಲರೂ ಬಲ್ಲಿರಿ. ನೂರು ವರ್ಷಗಳ ಮೇಣದ ಬತ್ತಿಯ ಹೊಗೆ, ಧೂಪದ ಹೊಗೆ, ಮಳೆಗಾಲದ ತೇವ ಇವೆಲ್ಲವನ್ನೂ ಅದು ಸಹಿಸಿಕೊಂಡಿದೆ. ಮಾತೆಯ ನಿಲುವಂಗಿಯ ನೀಲಿ ಇಂದು ಕಪ್ಪೆಂದೇ ತೋರುತ್ತದೆ. ಬಾಲಯೇಸುವಿನ ಮುಖ ಹಳದಿಗಟ್ಟಿದೆ. ಉತ್ಸವಕ್ಕೆ ಮುಂಚೆ ಚಿತ್ರವನ್ನು ತೊಳೆಸಿ, ಹೊಸ ಬಣ್ಣ ಬರೆಸಿ, ಹೊಳೆಯುವಂತೆ ಮಾಡಿಸಬೇಕೆಂಬ ಸಲಹೆ ಸಮಿತಿಯ ಮುಂದಿದೆ. ಖರ್ಚನ್ನು ವಹಿಸಲು ಭಕ್ತರೊಬ್ಬರು ಸಂತೋಷದಿಂದ ಒಪ್ಪಿದ್ದಾರೆ. ಅವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಚಿತ್ರದ ಮೇಲೆ ಕುಂಚವಾಗಲಿ, ಒದ್ದೆಬಟ್ಟೆಯಾಗಲಿ ತಾಗುವ ಮುನ್ನ ಅದನ್ನು ಸರಿಯಾಗಿ ನೋಡಬೇಕು ಎಂಬುದು ನನ್ನ ವಿನಂತಿ. ನೋಡುವುದೆಂದರೆ ಬರಿಗಣ್ಣಿನಿಂದ ನೋಡುವುದಲ್ಲ. ಚಿತ್ರದಿಂದ ಒಂದು ಸಾಸಿವೆಯಷ್ಟು ಬಣ್ಣವನ್ನೂ ಕೆರೆಯದೆ, ಬಗೆಬಗೆಯ ಬೆಳಕಿನ ಸಹಾಯದಿಂದ ಅದರ ಒಳಹೊರಗನ್ನು ತಿಳಿಯುವ ವಿದ್ಯೆ ಇಂದು ಬೆಳೆದು ನಿಂತಿದೆ. ಸಂತ ತೋಮಾಸರು ಮುಟ್ಟಿ ನೋಡಿದ ಮೇಲೆ ನಂಬಿದರು. ಈ ವಿದ್ಯೆಯವರದು ಅದಕ್ಕೆ ವಿರುದ್ಧವಾದ ಮಾರ್ಗ!

ಮೊದಲು ಕಪ್ಪನ್ನೇ ತೆಗೆದುಕೊಳ್ಳೋಣ. ಚಿತ್ರದಲ್ಲಿ ಕಪ್ಪು ಕಂಡೊಡನೆ ಅದು ಹೊಗೆಯ ಮಸಿ, ಉಜ್ಜಿದರೆ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಇಟಲಿಯ ಅಸ್ಸಿಸಿ ನಗರದಲ್ಲಿ ಸಂತ ಫ್ರಾನ್ಸಿಸ್ಸರ ಮಹಾದೇವಾಲಯದ ಮೇಲಂತಸ್ತಿನಲ್ಲಿ ಚಿಮಬೂಯೆ ಎಂಬ ಕಲಾವಿದ ಹದಿಮೂರನೆಯ ಶತಮಾನದ ಕೊನೆಗಾಲದಲ್ಲಿ ಬರೆದ ಶಿಲುಬೆಯ ಮರಣದ ದೊಡ್ಡ ಭಿತ್ತಿಚಿತ್ರವಿದೆ. ಅಲ್ಲಿ ಬಿಳಿಯಾಗಿರಬೇಕಾದ ಮುಖಗಳೂ ಉಡುಪಿನ ಮಡಿಕೆಗಳೂ ಕಪ್ಪಾಗಿ, ಇಡೀ ಚಿತ್ರ ಛಾಯಾಚಿತ್ರದ ನೆಗೆಟಿವ್‌ನಂತೆ ಕಾಣುತ್ತದೆ. ಅದು ಹೊಗೆಯಲ್ಲ. ಕಲಾವಿದ ಬಿಳಿಗೆ ಬಳಸಿದ್ದು ಸೀಸದಿಂದ ಮಾಡಿದ ಸಫೇದ. ಎಣ್ಣೆಯೊಳಗೆ ಸೇರಿ ಕುಳಿತಾಗ ಈ ಬಣ್ಣ ಸಾಮಾನ್ಯವಾಗಿ ಬಹುಕಾಲ ಬಿಳಿಯಾಗಿಯೇ ಉಳಿಯುತ್ತದೆ. ಗೋಡೆಯ ಮೇಲೆ ಗಾಳಿ ತೇವಗಳಿಗೆ ಒಡ್ಡಿಕೊಂಡಾಗ ಮಾರ್ಪಟ್ಟು ಕಂದುಗಪ್ಪಾಗುವುದುಂಟು. ಅಂದರೆ ಅಲ್ಲಿ ಕಾಣುವ ಕಪ್ಪು ಚಿತ್ರದ ಮೇಲೆ ಕುಳಿತ ಕೊಳೆಯಲ್ಲ, ಚಿತ್ರವೇ. ಯಾರಾದರೂ ಸೋಡಾಪುಡಿ ಹಾಕಿ ಅದನ್ನು ಉಜ್ಜಿದ್ದರೆ ಚಿಮಬೂಯೆಯ ಯೇಸುಸ್ವಾಮಿ ಬಕೆಟ್ಟಿನ ನೀರಿನಲ್ಲಿ ಹೊರಟುಹೋಗುತ್ತಿದ್ದರು.

ಆ ಕಪ್ಪಿನಲ್ಲಿ ಸೀಸವಿದೆಯೋ, ಬರಿಯ ಇದ್ದಲಿನ ಮಸಿಯಿದೆಯೋ ಎಂಬುದನ್ನು ಮುಟ್ಟದೆ ಹೇಳಬಲ್ಲ ಯಂತ್ರವನ್ನು ತಮ್ಮಲ್ಲಿ ಅನೇಕರು ನೋಡಿಯೂ ಇದ್ದೀರಿ. ಹೆಣ್ಣುಮಕ್ಕಳ ಮದುವೆಗೆ ಒಡವೆ ಕೊಳ್ಳುವಾಗ, ಅಥವಾ ಹಳೆಯ ಚಿನ್ನವನ್ನು ಬದಲಾಯಿಸುವಾಗ, ಅಂಗಡಿಯವರು ಬಳೆಯನ್ನು ಒಂದು ಪೆಟ್ಟಿಗೆಯೊಳಗಿಟ್ಟು ಗುಂಡಿಯೊತ್ತುತ್ತಾರೆ; ಅರೆ ನಿಮಿಷದಲ್ಲಿ ಚಿನ್ನ ಇಷ್ಟು, ತಾಮ್ರ ಇಷ್ಟು ಎಂದು ಲೆಕ್ಕ ಬರುತ್ತದೆ. ಒರೆಗಲ್ಲಿಗೆ ಉಜ್ಜುವ ಅಗತ್ಯವಿಲ್ಲ. ಪೆಟ್ಟಿಗೆಯೊಳಗೆ ನಡೆಯುವುದು ಇಷ್ಟು: ಕ್ಷಕಿರಣ ಲೋಹಕ್ಕೆ ತಗುಲಿದಾಗ ಅದರ ಪರಮಾಣುಗಳು ತಮ್ಮದೇ ಆದ ನಿರ್ದಿಷ್ಟ ಶಕ್ತಿಯ ಕ್ಷಕಿರಣವನ್ನು ಮರಳಿ ಸೂಸುತ್ತವೆ. ಪಾದರಸಕ್ಕೆ ಒಂದು ಶಕ್ತಿ, ತಾಮ್ರಕ್ಕೆ ಇನ್ನೊಂದು, ಕಬ್ಬಿಣಕ್ಕೆ ಮತ್ತೊಂದು. ಇದೇ ಯಂತ್ರದ ಕೈಯಲ್ಲಿ ಹಿಡಿಯುವ ರೂಪವನ್ನು ಚಿತ್ರದ ಎದುರು, ಅದಕ್ಕೆ ತಾಗಿಸದೆ ಹಿಡಿದರೆ, ಕೆಂಪು ಬಣ್ಣದಲ್ಲಿ ಪಾದರಸ ಕಂಡರೆ ಅದು ಇಂಗಳೀಕ. ಸೀಸ ಕಂಡರೆ ಸಿಂಧೂರ. ಕಬ್ಬಿಣ ಕಂಡರೆ ಕೆಮ್ಮಣ್ಣು. ಮೂರೂ ಕಣ್ಣಿಗೆ ಕೆಂಪೇ, ಆದರೆ ಮೂರರ ಸ್ವಭಾವವೂ ಬೇರೆ. ಇಂಗಳೀಕ ಬೆಳಕಿಗೆ ಕಪ್ಪಾಗಬಹುದು, ಸಿಂಧೂರ ಗೋಡೆಯ ಮೇಲೆ ಕಪ್ಪಾಗಬಹುದು, ಕೆಮ್ಮಣ್ಣಿಗೆ ಇವೆರಡರ ಭಯವೂ ಇಲ್ಲ. ಯಾವ ಕೆಂಪೆಂದು ತಿಳಿಯದವನು ಅದಕ್ಕೆ ಶುಶ್ರೂಷೆ ಮಾಡುವುದು ಹೇಗೆ?

ಯಂತ್ರ ಹೇಳಿದ್ದೆಲ್ಲ ವೇದವಾಕ್ಯವೆಂದು ತಿಳಿಯಬಾರದು. ಸೀಸವೂ ಪಾಷಾಣದ ಮೂಲಧಾತುವಾದ ಆರ್ಸೆನಿಕ್ಕೂ ಸೂಸುವ ಮುಖ್ಯ ಕಿರಣಗಳ ಶಕ್ತಿ ಬಹುತೇಕ ಒಂದೇ: 10.55 ಮತ್ತು 10.54 ಕಿಲೋ ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಹರಿದಳದ ಹಳದಿಯಿರುವ ಕಡೆ ಸೀಸವಿದೆಯೆಂದು ಅನನುಭವಿ ಮೋಸಹೋಗಬಹುದು. ಅನುಭವಿಯಾದವನು ಎರಡನೆಯ ಗೆರೆಯನ್ನು ನೋಡಿ ತೀರ್ಮಾನಿಸುತ್ತಾನೆ. ಇನ್ನು ಇದ್ದಲು, ನೀಲಿಗಿಡದ ನೀಲಿ ಮೊದಲಾದವುಗಳಲ್ಲಿರುವ ಇಂಗಾಲದಂಥ ಹಗುರ ಧಾತುಗಳು ಈ ಯಂತ್ರಕ್ಕೆ ಕಾಣುವುದೇ ಇಲ್ಲ. ಅಲ್ಲದೆ ಮೇಲಿನ ಪದರ, ಕೆಳಗಿನ ಪದರ ಎಲ್ಲವುಗಳ ಉತ್ತರವೂ ಒಟ್ಟಿಗೇ ಬರುತ್ತದೆ. ಆದುದರಿಂದ ಒಂದೇ ಪರೀಕ್ಷೆಯನ್ನು ನಂಬಿ ಕುಳಿತುಕೊಳ್ಳುವವರು ಈ ವಿದ್ಯೆಯಲ್ಲಿ ಯಾರೂ ಇಲ್ಲ.

ಈ ಯಂತ್ರಕ್ಕೆ ಕಾಣದ್ದನ್ನು ಎಷ್ಟೋ ವೇಳೆ ಕಾಣಬಲ್ಲ ಇನ್ನೊಂದು ವಿಧಾನವಿದೆ. ಅದರ ಹೆಸರು ಹೇಳುವಾಗ ಕನ್ನಡನಾಡಿನವರಾದ ನಮಗೆ ಅಭಿಮಾನವೆನಿಸುವುದು ಸಹಜ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸರ್ ಸಿ. ವಿ. ರಾಮನ್ನರು ಕಂಡುಹಿಡಿದು, 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ತತ್ತ್ವವೇ ಅದು. 1933ರಲ್ಲಿ ಅವರು ಬೆಂಗಳೂರಿಗೆ ಬಂದು, 1970ರಲ್ಲಿ ಕಾಲವಾಗುವವರೆಗೂ ಅಲ್ಲಿಯೇ ನೆಲಸಿದರು. ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬೀರಿದಾಗ ಚದುರಿ ಬರುವ ಬೆಳಕಿನಲ್ಲಿ ಬಹುಪಾಲು ಅದೇ ಬಣ್ಣದ್ದು. ಆದರೆ ಸುಮಾರು ಕೋಟಿಗೊಂದು ಪಾಲು ಮಾತ್ರ ಸ್ವಲ್ಪ ಬದಲಾಗಿ ಬರುತ್ತದೆ. ಎಷ್ಟು ಬದಲಾಯಿತೆಂಬುದು ಆ ವಸ್ತುವಿನ ಅಣುಗಳ ಕಂಪನವನ್ನು ಅವಲಂಬಿಸಿದೆ. ಬೆರಳಚ್ಚಿನಂತೆ ಪ್ರತಿಯೊಂದು ಬಣ್ಣದ ಪುಡಿಗೂ ತನ್ನದೇ ಗುರುತು. ರಾಮನ್ನರ ಕಾಲದಲ್ಲಿ ಆ ಕೋಟಿಗೊಂದು ಪಾಲನ್ನು ಹಿಡಿಯಲು ಗಂಟೆಗಟ್ಟಲೆ ಕಾಯಬೇಕಾಗಿತ್ತು. ಲೇಸರ್ ಬಂದ ಮೇಲೆ ಅದು ನಿಮಿಷಗಳ ಕೆಲಸವಾಯಿತು. ಇಂದು ಯೂರೋಪಿನ ದೊಡ್ಡ ವಸ್ತುಸಂಗ್ರಹಾಲಯಗಳು ಹಸ್ತಪ್ರತಿಗಳನ್ನೂ ಪವಿತ್ರ ಚಿತ್ರಗಳನ್ನೂ ಪರೀಕ್ಷಿಸುವುದು ಈ ಭಾರತೀಯನ ಹೆಸರಿನ ವಿಧಾನದಿಂದ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಲೇಸರ್ ತೀಕ್ಷ್ಣವಾದರೆ ಸಿಂಧೂರದಂಥ ಬಣ್ಣ ಆ ಚುಕ್ಕೆಯಲ್ಲೇ ಕಪ್ಪಾಗುತ್ತದೆ. ಬೆಳಕೂ ಒಂದು ಬಗೆಯಲ್ಲಿ ಮುಟ್ಟುತ್ತದೆ ಎಂಬುದನ್ನು ಮರೆಯಲಾಗದು.

ಇನ್ನು ಕಡಿಮೆ ಖರ್ಚಿನ ಪರೀಕ್ಷೆಗಳು. ಕತ್ತಲೆಯಲ್ಲಿ ಟಾರ್ಚನ್ನು ಚಿತ್ರದ ಪಕ್ಕದಿಂದ ಓರೆಯಾಗಿ ಹಿಡಿದರೆ ಉಬ್ಬು, ಬಿರುಕು, ಕಿತ್ತೇಳುತ್ತಿರುವ ಬಣ್ಣದ ಚಕ್ಕೆ ಎಲ್ಲವೂ ಗದ್ದೆಯ ಬದುಗಳಂತೆ ಎದ್ದು ಕಾಣುತ್ತವೆ. ಇದಕ್ಕೆ ಪ್ರಯೋಗಾಲಯವೇ ಬೇಡ. ಬ್ಯಾಂಕಿನಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪವನ್ನು ನೋಡಿದ್ದೀರಿ. ಅಂಥದೇ ಅತಿನೇರಳೆ ಬೆಳಕಿನಲ್ಲಿ ಹಳೆಯ ಮರದ ಅಂಟಿನ ವಾರ್ನಿಷು ಹಸಿರು ಹಳದಿಯಾಗಿ ಮಿನುಗುತ್ತದೆ. ಅದರ ಮೇಲೆ ಇತ್ತೀಚೆಗೆ ಯಾರಾದರೂ ಬಣ್ಣ ಹಚ್ಚಿದ್ದರೆ ಆ ಜಾಗ ಕಪ್ಪು ತೇಪೆಯಂತೆ ತೋರುತ್ತದೆ. ಅವಕೆಂಪು ಕಿರಣಗಳದು ಇನ್ನೊಂದು ಗುಣ. ಅವು ಅನೇಕ ಬಣ್ಣಗಳನ್ನು ಹಾದು ಒಳಗಿಳಿದು, ಇದ್ದಲಿನ ಗೆರೆಗಳಲ್ಲಿ ಮಾತ್ರ ಹೀರಲ್ಪಡುತ್ತವೆ. ಆದುದರಿಂದ ಕಲಾವಿದ ಬಣ್ಣ ತುಂಬುವ ಮುಂಚೆ ಇದ್ದಲಿನಿಂದ ಬರೆದ ಮೊದಲ ರೇಖೆಗಳು, ಕೈಯ ಬೆರಳುಗಳನ್ನು ಎಲ್ಲಿ ಬದಲಿಸಿದ, ಮುಖವನ್ನು ಎಷ್ಟು ವಾಲಿಸಿದ ಎಂಬುದೆಲ್ಲ ಪರದೆ ಸರಿದಂತೆ ಕಾಣುತ್ತದೆ.

ಈ ಪರೀಕ್ಷೆಗಳಿಂದ ಎಂಥ ಫಲ ದೊರೆಯಬಹುದೆಂಬುದಕ್ಕೆ ಬೆಲ್ಜಿಯಂ ದೇಶದ ಗೆಂಟ್ ನಗರದ ಸಂತ ಬಾವೋ ಪ್ರಧಾನಾಲಯದಲ್ಲಿ ಒಂದು ನಿದರ್ಶನವಿದೆ. ಅಲ್ಲಿ ವಾನ್ ಐಕ್ ಸಹೋದರರು 1432ರಲ್ಲಿ ಮುಗಿಸಿದ, ದೇವರ ಕುರಿಮರಿಯ ಆರಾಧನೆಯನ್ನು ತೋರಿಸುವ ಬಲಿಪೀಠದ ಚಿತ್ರಗಳಿವೆ. ನಾನು ಗುರುಮಠದಲ್ಲಿ ಓದುತ್ತಿದ್ದಾಗ ಪುಸ್ತಕಗಳಲ್ಲಿ ಕಂಡ ಕುರಿಮರಿಗೆ ಸಪ್ಪೆಯಾದ, ಸಾಧುಪ್ರಾಣಿಯ ಮುಖವಿತ್ತು. ಸೂಕ್ಷ್ಮವಾಗಿ ನೋಡಿದವರಿಗೆ ನಾಲ್ಕು ಕಿವಿಗಳು ಕಾಣುತ್ತಿದ್ದವು! 1950ರ ಸುಮಾರಿಗೆ ನಡೆದ ಶುದ್ಧೀಕರಣದಲ್ಲಿ ಅಡಗಿದ್ದ ಎರಡು ಕಿವಿಗಳು ಹೊರಬಂದಿದ್ದವು. ನಂತರದವರು ಬರೆದ ಎರಡು ಕಿವಿಗಳೂ ಹಾಗೆಯೇ ಉಳಿದಿದ್ದವು. 2012ರಲ್ಲಿ ಹೊಸದಾಗಿ ಜೀರ್ಣೋದ್ಧಾರ ಆರಂಭವಾದಾಗ, ನಾನು ಮೇಲೆ ಹೇಳಿದ ಕ್ಷಕಿರಣ ಪರೀಕ್ಷೆಯನ್ನು ಫಲಕಗಳ ಉದ್ದಗಲಕ್ಕೂ ಸಾಲುಸಾಲಾಗಿ ನಡೆಸಿ, ಯಾವ ಧಾತು ಎಲ್ಲಿದೆ ಎಂಬ ನಕ್ಷೆಗಳನ್ನು ತಯಾರಿಸಿದರು. ವಾನ್ ಐಕರ ಬಣ್ಣದ ಮೇಲೆ ಬಹುಭಾಗದಲ್ಲಿ ಹದಿನಾರನೆಯ ಶತಮಾನದವರು ಮತ್ತೆ ಬಣ್ಣ ಹಚ್ಚಿದ್ದು, ಅದರ ಕೆಳಗೆ ಮೂಲಚಿತ್ರ ಬಹಳಮಟ್ಟಿಗೆ ಕ್ಷೇಮವಾಗಿರುವುದು ಆಗ ಖಚಿತವಾಯಿತು. ಆ ಭರವಸೆ ದೊರೆತ ಮೇಲೆಯೇ ತಜ್ಞರು ಸೂಕ್ಷ್ಮದರ್ಶಕದ ಕೆಳಗೆ, ಶಸ್ತ್ರವೈದ್ಯರ ಚಾಕುವಿನಿಂದ, ಗುಲಗಂಜಿಯಷ್ಟು ಗುಲಗಂಜಿಯಷ್ಟಾಗಿ ಮೇಲುಪದರವನ್ನು ತೆಗೆದರು. 2020ರ ಆರಂಭದಲ್ಲಿ ಭಕ್ತರು ಕಂಡ ಕುರಿಮರಿ ಬೇರೆಯೇ ಆಗಿತ್ತು: ನೇರವಾಗಿ ನಮ್ಮನ್ನೇ ನೋಡುವ, ತುಸು ಬೆದರಿಸುವಂತಹ ಕಣ್ಣುಗಳು. ಕೆಲವರಿಗೆ ಅದು ರುಚಿಸಲಿಲ್ಲ, ನಗೆಯಾಡಿದವರೂ ಉಂಟು. ನನಗೆ ಮಾತ್ರ, ಬಲಿಗೆ ತಾನೇ ಮುಂದೆ ಬಂದ ಕುರಿಮರಿಯ ಕಣ್ಣುಗಳು ಹಾಗೆಯೇ ಇರಬೇಕೆನಿಸುತ್ತದೆ. ಹದಿನಾರನೆಯ ಶತಮಾನದವರು ದುರುದ್ದೇಶದಿಂದೇನೂ ಹಾಗೆ ಮಾಡಲಿಲ್ಲ. ಅವರಿಗೂ ಚಿತ್ರ ಹೊಸದಾಗಿ ಕಾಣಬೇಕಾಗಿತ್ತು. ಬಹುಶಃ ಅವರಲ್ಲಿಯೂ ಉದಾರಿಗಳಾದ ಒಬ್ಬ ದಾನಿಯಿದ್ದರು.

ದೂರದ ಮಾತು ಸಾಕು, ನಮ್ಮ ನಾಡಿಗೆ ಬರೋಣ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ತಮ್ಮಲ್ಲಿ ಹಲವರು ಸಂದರ್ಶಿಸಿರಬಹುದು. 1854ರಲ್ಲಿ ಇಟಲಿಯ ಬೆರ್ಗಮೋ ನಗರದ ಬಳಿ ಹುಟ್ಟಿದ ಯೇಸುಸಭೆಯ ಬ್ರದರ್ ಅಂತೋನಿಯೋ ಮೊಸ್ಕೇನಿಯವರು 1899ರಿಂದ ಎರಡು ವರ್ಷಗಳಿಗೂ ಮಿಕ್ಕಿ ದುಡಿದು ಅದರ ಒಳಭಾಗವನ್ನೆಲ್ಲ ಚಿತ್ರಗಳಿಂದ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ಮರಣಹೊಂದಿದರು. ಅಲ್ಲಿ ಒಂದೇ ಮಾಡಿನ ಕೆಳಗೆ ಎರಡು ವಿಧಾನಗಳಿವೆ ಎಂಬುದನ್ನು ಪ್ರವಾಸಿಗರು ಗಮನಿಸುವುದು ಕಡಿಮೆ. ಗೋಡೆಗಳ ಮೇಲಿನವು ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರಗಳು. ಸುಣ್ಣ ಒಣಗಿ ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೆ ಕಟ್ಟಿಕೊಳ್ಳುತ್ತದೆ. ಮಾಳಿಗೆಯವು ಬಟ್ಟೆಯ ಮೇಲೆ ಬರೆದ ತೈಲಚಿತ್ರಗಳು. ಒಂದಕ್ಕೆ ಒಗ್ಗುವ ಶುಶ್ರೂಷೆ ಇನ್ನೊಂದಕ್ಕೆ ವಿಷವಾಗಬಹುದು. ಕರಾವಳಿಯ ಮಳೆ, ಉಪ್ಪುಗಾಳಿ, ಬೂಷ್ಟುಗಳಿಂದ ಅವು ಕಳೆಗುಂದಿದಾಗ ಆ ಸಂಸ್ಥೆಯವರು ಪೇಂಟರನ್ನು ಕರೆಯಲಿಲ್ಲ. 1984ರಲ್ಲಿ ಸ್ಥಾಪಿತವಾದ ಇಂಟಾಕ್ ಸಂಸ್ಥೆಯ ಲಕ್ನೋ ಕೇಂದ್ರದ ತಜ್ಞರನ್ನು ಕರೆಸಿದರು. 1991ರಿಂದ 1994ರವರೆಗೆ ಕೆಲಸ ನಡೆಯಿತು. ಮೊಸ್ಕೇನಿಯವರು ಎರಡು ವರ್ಷಗಳಲ್ಲಿ ಬರೆದುದನ್ನು ಸರಿಪಡಿಸಲು ಮೂರು ವರ್ಷಗಳು!

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ, ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ತೀರ್ಥಂಕರರ ಜೀವನಪ್ರಸಂಗಗಳೂ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಚಿತ್ರಿತವಾಗಿವೆ. ಬೆಟ್ಟ ಹತ್ತಿಳಿದು ದಣಿದವರು ಅವನ್ನು ನೋಡದೆ ಹಿಂದಿರುಗುವುದು ವಿಷಾದದ ಸಂಗತಿ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಕಥೆ ಇನ್ನೂ ಬೋಧಪ್ರದ. 1784ರಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ಆ ಅರಮನೆಯ ಯುದ್ಧಚಿತ್ರಗಳನ್ನು ಅವರ ನಂತರ ಕರ್ನಲ್ ವೆಲ್ಲೆಸ್ಲಿ ಒಮ್ಮೆ, 1850ರ ದಶಕದಲ್ಲಿ ಲಾರ್ಡ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೊಮ್ಮೆ ಸರಿಪಡಿಸಲಾಯಿತು. ಹಾಗಾದರೆ ಇಂದು ಕಾಣುವ ಕುದುರೆಗಳಲ್ಲಿ ಟಿಪ್ಪುವಿನ ಕಾಲದವು ಎಷ್ಟು? ಕಣ್ಣಿಗೆ ಕಷ್ಟ. ಆದರೆ ಕ್ರೋಮಿಯಂ ಎಂಬ ಧಾತು ಲೋಕಕ್ಕೆ ತಿಳಿದದ್ದೇ 1797ರಲ್ಲಿ. ಅದರಿಂದ ಹಳದಿ ಬಣ್ಣ ತಯಾರಾದದ್ದು ಇನ್ನೂ ಆಮೇಲೆ. ಹಳದಿಯೊಂದರಲ್ಲಿ ಸೀಸವೂ ಕ್ರೋಮಿಯಮ್ಮೂ ಜೊತೆಗೆ ಸಿಕ್ಕರೆ ಆ ಹಳದಿ 1784ರದಾಗಲು ಸಾಧ್ಯವೇ ಇಲ್ಲ. ಸಾಕ್ಷಿಗಳು ಯಾರೂ ಬದುಕಿಲ್ಲದಿದ್ದರೂ ಬಣ್ಣ ಸಾಕ್ಷಿ ನುಡಿಯುತ್ತದೆ.

ನಮ್ಮ ಚಿತ್ರಕ್ಕೂ ಇದೇ ಬಗೆಯ ಪ್ರಶ್ನೆ ಕೇಳಬಹುದು. ಟೈಟೇನಿಯಂ ಎಂಬ ಧಾತುವಿನ ಬಿಳಿ ಬಣ್ಣ ಮಾರುಕಟ್ಟೆಗೆ ಬಂದದ್ದು 1920ರ ಸುಮಾರಿಗೆ. ಅದಕ್ಕೆ ಮುಂಚಿನ ಕಲಾವಿದರು ಬಳಸುತ್ತಿದ್ದುದು ಸೀಸದ ಅಥವಾ ಸತುವಿನ ಬಿಳಿ. ಮಾತೆಯ ತಲೆವಸ್ತ್ರದಲ್ಲಿ ಸೀಸವೂ ಬಾಲಯೇಸುವಿನ ಮುಖದಲ್ಲಿ ಮಾತ್ರ ಟೈಟೇನಿಯಮ್ಮೂ ಕಂಡುಬಂದರೆ, ಆ ಮುಖಕ್ಕೆ ಯಾರೋ ಈಚೆಗೆ ಕೈಯಾಡಿಸಿದ್ದಾರೆಂದು ತಿಳಿಯಬಹುದು. ಆಗ ಆ ಹಳದಿ ಮುಖದ ಕೆಳಗೆ ನಮ್ಮ ಮುತ್ತಜ್ಜಿಯರು ಮೊಣಕಾಲೂರಿ ನೋಡಿದ ಮುಖ ಇನ್ನೂ ಇರಬಹುದು.

ಅವಸರದಿಂದ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ನಾನು ಸಹಾಯಕ ಗುರುವಾಗಿದ್ದ ಕಾಲದಲ್ಲಿ ಒಂದು ಧರ್ಮಕೇಂದ್ರದ ಸಂತ ಜೋಸೆಫರ ಮರದ ಸ್ವರೂಪಕ್ಕೆ ಹಬ್ಬದ ಹಿಂದಿನ ವಾರ ಎನಾಮಲ್ ಬಣ್ಣ ಬಳಿಸಿದ್ದರು. ಮೂಲದ ತಿಳಿಗಂದು ಗಡ್ಡ, ಮರಗೆಲಸದವನ ಕೈಯ ನರಗಳು, ಎಲ್ಲವೂ ಕಿಟಕಿಗೆ ಹಚ್ಚುವ ಬಣ್ಣದಡಿ ಹೂತುಹೋದವು. ವೃದ್ಧೆಯೊಬ್ಬರು ಸ್ವರೂಪವನ್ನು ದಿಟ್ಟಿಸಿ, "ಸ್ವಾಮಿ, ಇವರು ಯಾರು?" ಎಂದು ನನ್ನನ್ನು ಕೇಳಿದರು. ನಮ್ಮ ಜಿಲ್ಲೆ ಆಲೂಗೆಡ್ಡೆಗೆ ಹೆಸರಾದದ್ದು. ಹಳೆಯ ಚಿತ್ರವನ್ನು ಹೆಚ್ಚಿದ ಆಲೂಗೆಡ್ಡೆಯಿಂದ ಉಜ್ಜಿದರೆ ಶುಭ್ರವಾಗುತ್ತದೆಂಬ ಮಾತನ್ನೂ ಕೇಳಿದ್ದೇನೆ. ಅದರ ಪಿಷ್ಟ ಬಿರುಕುಗಳಲ್ಲಿ ಕುಳಿತು ಬೂಷ್ಟಿಗೆ ಊಟವಾಗುತ್ತದೆ. ಆಲೂಗೆಡ್ಡೆ ಪಲ್ಯಕ್ಕೆ ಇರಲಿ. ತೆಂಗಿನೆಣ್ಣೆ ಸವರುವುದೂ ಅಷ್ಟೇ. ಒಂದು ತಿಂಗಳು ಹೊಳಪು, ಆಮೇಲೆ ಧೂಳಿಗೆ ಅಂಟು.

ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ಇಲ್ಲಿ ನೆನೆಯದೆ ಇರಲಾರೆ. 1860ರ ಸುಮಾರಿಗೆ ಫ್ರೆಂಚ್ ಧರ್ಮಪ್ರಚಾರಕರು ಕಟ್ಟಿಸಿದ ಆ ದೇವಾಲಯ ಹೇಮಾವತಿ ಜಲಾಶಯದ ಹಿನ್ನೀರಿನ ಪಾಲಾಗಿ, ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುತ್ತಾ ಇಂದು ಅವಶೇಷವಾಗಿ ನಿಂತಿದೆ. ಅದರ ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಸೇರಿಸಿದ್ದರೆಂದು ಹಿರಿಯರು ಹೇಳುತ್ತಾರೆ. ಇಂಥ ಮಾತನ್ನೂ ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಿ ನೋಡಬಹುದು, ಗಾರೆ ಇರುವವರೆಗೆ. ಚಾವಣಿ ಹೋದ ಕಟ್ಟಡದ ಗೋಡೆಯ ಬಣ್ಣವನ್ನು ಮಾತ್ರ ಯಾವ ಯಂತ್ರವೂ ಮರಳಿ ತರಲಾರದು. ಅಲ್ಲಿ ಹೋದದ್ದು ನೀರಿನಿಂದ. ನಮ್ಮ ಚಿತ್ರ ಹೋಗುವುದಾದರೆ ನಮ್ಮ ಕೈಯಿಂದ.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. 1983ರ ಧರ್ಮಸಭಾ ಕಾನೂನಿನ 1189ನೆಯ ವಿಧಿಯ ಪ್ರಕಾರ, ಪ್ರಾಚೀನತೆಯಿಂದಾಗಲಿ, ಕಲೆಯಿಂದಾಗಲಿ, ಭಕ್ತರ ಗೌರವದಿಂದಾಗಲಿ ಅಮೂಲ್ಯವಾದ ಪ್ರತಿಮೆ ಹಾಗೂ ಚಿತ್ರಗಳನ್ನು ಧರ್ಮಾಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡುವಂತಿಲ್ಲ; ಅನುಮತಿ ಕೊಡುವ ಮುಂಚೆ ಅವರು ತಜ್ಞರನ್ನು ವಿಚಾರಿಸತಕ್ಕದ್ದು. ಆದುದರಿಂದ ಇದು ಸಮಿತಿಯ ಬಹುಮತದಿಂದಾಗಲಿ, ನನ್ನ ಇಷ್ಟದಿಂದಾಗಲಿ ತೀರುವ ವಿಷಯವಲ್ಲ. ತಜ್ಞರೂ ದೂರದಲ್ಲಿಲ್ಲ. ಇಂಟಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. 1976ರಲ್ಲಿ ಲಕ್ನೋದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಬಣ್ಣವನ್ನು ಹಿಡಿದಿರುವುದು ಯಾವ ಎಣ್ಣೆ, ಯಾವ ಅಂಟು ಎಂಬಂಥ ಕೆಲವು ಪ್ರಶ್ನೆಗಳಿಗೆ ಬೆಳಕೊಂದೇ ಸಾಲದೆ, ಕೊನೆಗೆ ಅಂಚಿನಿಂದ ಸೂಜಿಮೊನೆಯಷ್ಟು ಬಣ್ಣ ತೆಗೆಯಲೇಬೇಕೆಂದು ಅವರು ಹೇಳಿದರೆ, ಎಲ್ಲಿಂದ, ಏಕೆ ಎಂದು ಕೇಳಿ ತಿಳಿದು ಒಪ್ಪೋಣ. ದಾನಿಗಳ ಹಣ ಮೊದಲು ಈ ಪರೀಕ್ಷೆಗೆ ವಿನಿಯೋಗವಾಗಲೆಂದು ಕೋರಿದ್ದೇನೆ. ಅವರು ಆಲೋಚಿಸಿ ಹೇಳುವುದಾಗಿ ತಿಳಿಸಿದ್ದಾರೆ. ಉತ್ಸವದ ದಿನ ಮಾತೆಯ ಚಿತ್ರ ಈಗಿರುವಂತೆಯೇ ಮಸುಕಾಗಿರುತ್ತದೆ. ಧರ್ಮಾಧ್ಯಕ್ಷರ ಎದುರಿಗೆ ಅದರಿಂದ ನಮಗೆ ಅವಮಾನವೇನೂ ಇಲ್ಲ.

ಸದ್ಯಕ್ಕೆ ಮೇಣದ ಬತ್ತಿಯ ಸ್ಟ್ಯಾಂಡನ್ನು ಬಲಿಪೀಠದಿಂದ ದೂರಕ್ಕೆ, ಪಕ್ಕದ ಬಾಗಿಲ ಬಳಿಗೆ ಸರಿಸಲಾಗಿದೆ. ದಯವಿಟ್ಟು ಅದನ್ನು ಮತ್ತೆ ಮುಂದಕ್ಕೆ ತರಬೇಡಿ. ಇನ್ನೊಂದು ಸಹಾಯ ತಮ್ಮಿಂದ ಬೇಕಾಗಿದೆ. ತಮ್ಮ ತಂದೆತಾಯಿಗಳ, ಅಜ್ಜ ಅಜ್ಜಿಯರ ವಿವಾಹದ ಛಾಯಾಚಿತ್ರಗಳನ್ನು ಇದೇ ಬಲಿಪೀಠದ ಮುಂದೆ ತೆಗೆದಿರುತ್ತಾರೆ. ವಧೂವರರ ತಲೆಯ ಮೇಲ್ಗಡೆ ನಮ್ಮ ಚಿತ್ರ ಸ್ವಲ್ಪವಾದರೂ ಕಾಣುತ್ತಿರುತ್ತದೆ. ಯಾವ ವರ್ಷದಲ್ಲಿ ಅದು ಹೇಗಿತ್ತು ಎಂಬುದಕ್ಕೆ ತಜ್ಞರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗಲಾರದು. ಪೆಟ್ಟಿಗೆಯ ತಳದಲ್ಲಿರುವ ಅಂಥ ಚಿತ್ರಗಳನ್ನು, ಹಿಂಬದಿಯಲ್ಲಿ ವಿವಾಹದ ವರ್ಷವನ್ನು ಪೆನ್ಸಿಲಿನಿಂದ ಮೆಲ್ಲಗೆ ಬರೆದು, ಧರ್ಮಕೇಂದ್ರದ ಕಚೇರಿಗೆ ತಂದುಕೊಡಿ. ನಕಲು ತೆಗೆದುಕೊಂಡು ಒಂದು ವಾರದೊಳಗೆ ಹಿಂದಿರುಗಿಸಲಾಗುವುದು.